ಮಗುವಿನ ಒಂದೇ ಕೆನ್ನೆಯ ಮೂಳೆ ಉಬ್ಬುತ್ತಿದೆ, ‘ಜೀವಕೋಶದ ಸಿಗ್ನಲ್ ಕೆಟ್ಟಿದೆ’ ಎಂದರೆ ಏನು?

ಒಂಬತ್ತು ವರ್ಷದ ಮಗಳ ಎಡಗೆನ್ನೆ ಉಬ್ಬುತ್ತಾ ಬಂದಿದೆ, ಸ್ಕ್ಯಾನ್ ನೋಡಿದ ವೈದ್ಯರು ಫೈಬ್ರಸ್ ಡಿಸ್‌ಪ್ಲೇಸಿಯಾ (ಗಟ್ಟಿ ಮೂಳೆಯ ಜಾಗದಲ್ಲಿ ನಾರಿನಂಥ ಎಳೆಮೂಳೆ ಬೆಳೆಯುವ ತೊಂದರೆ) ಎಂದಿದ್ದಾರೆ, ಬಸುರಿಯಾಗಿದ್ದಾಗ ಗ್ರಹಣ ನೋಡಿದ್ದಕ್ಕೆ ಹೀಗಾಯಿತೇ ಎಂದು ಕೇಳಿದ್ದೀರಿ. ಕೊನೆಯ ಮಾತಿಗೇ ಮೊದಲು ಉತ್ತರಿಸುತ್ತೇನೆ: ಇಲ್ಲ. ಗ್ರಹಣದಿಂದಲ್ಲ, ನೀವು ತಿಂದದ್ದರಿಂದಲ್ಲ, ತವರಿನಿಂದಲೋ ಅತ್ತೆಮನೆಯಿಂದಲೋ ಬಂದದ್ದೂ ಅಲ್ಲ.

ನಾನು ದಂತವೈದ್ಯ ವಿದ್ಯಾರ್ಥಿಗಳಿಗೆ ಬಾಯಿ ಮತ್ತು ದವಡೆಯ ರೋಗಶಾಸ್ತ್ರ ಕಲಿಸುತ್ತೇನೆ. ಈ ಮೂಳೆಯ ತುಣುಕು ಪರೀಕ್ಷೆಗೆ ಬಂದಾಗ ಕತ್ತರಿಸುವ ಕೈಗೇ ಗೊತ್ತಾಗುತ್ತದೆ, ಮರಳು ಬೆರೆತ ರಬ್ಬರಿನಂತೆ ಕರಕರ ಎನ್ನುತ್ತದೆ. ಬೆಳೆಯುತ್ತಿರುವ ಸರಿಯಾದ ಮೂಳೆಯ ಅಂಚಿನಲ್ಲಿ, ಮೂಳೆ ಕಟ್ಟುವ ಕೋಶಗಳು ಪೋಣಿಸಿದ ಮಣಿಗಳಂತೆ ಸಾಲಾಗಿ ಕೂತಿರುತ್ತವೆ. ಇಲ್ಲಿ ಆ ಸಾಲೇ ಕಾಣುವುದಿಲ್ಲ. ನಾರಿನ ಹಾಸಿನ ನಡುವೆ ಕೊಂಕು ಕೊಂಕಾದ ಎಳೆಮೂಳೆಯ ಚೂರುಗಳು ಚೆಲ್ಲಿಕೊಂಡಿರುತ್ತವೆ. ಸ್ಕ್ಯಾನಿನಲ್ಲಿ ಅದೇ ಮಬ್ಬುಗಾಜಿನಂತೆ ಕಾಣುತ್ತದೆ.

ಇದಕ್ಕೆಲ್ಲ ಕಾರಣ ಒಂದು ಸ್ವಿಚ್. ಹೊರಗಿನಿಂದ ಹಾರ್ಮೋನು ಬಂದು ಕೋಶದ ಬಾಗಿಲು ತಟ್ಟಿದಾಗ, ಒಳಗಿರುವ ಜಿಎಸ್ ಆಲ್ಫಾ ಎಂಬ ಪ್ರೋಟೀನು ಜಿಟಿಪಿ ಎಂಬ ಅಣುವನ್ನು ಹಿಡಿದುಕೊಂಡು ಚಾಲೂ ಆಗುತ್ತದೆ, ಸೈಕ್ಲಿಕ್ ಎಎಂಪಿ ಎಂಬ ಸಂದೇಶವಾಹಕ ತಯಾರಾಗುತ್ತದೆ. ಕೆಲಸ ಮುಗಿದೊಡನೆ ಅದೇ ಪ್ರೋಟೀನು ಆ ಜಿಟಿಪಿಯನ್ನು ಕತ್ತರಿಸಿ ತನ್ನನ್ನು ತಾನೇ ಆರಿಸಿಕೊಳ್ಳಬೇಕು. ಕತ್ತರಿಸಲು ಬೇಕಾದದ್ದು ಅದರ 201ನೇ ಸ್ಥಾನದಲ್ಲಿರುವ ಅರ್ಜಿನೈನ್ ಎಂಬ ಅಮೈನೋ ಆಮ್ಲ. ಈ ಪ್ರೋಟೀನಿನ ನಕ್ಷೆಯಿರುವ ಜಿಎನ್‌ಎಎಸ್ ಜೀನಿನಲ್ಲಿ ಒಂದಕ್ಷರ ಬದಲಾಗಿ ಆ ಜಾಗಕ್ಕೆ ಸಿಸ್ಟೀನೋ ಹಿಸ್ಟಿಡೀನೋ ಎಂಬ ಬೇರೆ ಅಮೈನೋ ಆಮ್ಲ ಬಂದು ಕೂತರೆ ಸ್ವಿಚ್ ಆರುವುದಿಲ್ಲ. ಟ್ಯಾಂಕು ತುಂಬಿ ಹರಿಯುತ್ತಿದ್ದರೂ ಮೋಟರು ಓಡುತ್ತಲೇ ಇದ್ದಂತೆ. ‘ಬೆಳೆ, ಬೆಳೆ’ ಎಂಬ ಕೂಗು ನಿಲ್ಲದೆ ಎಳೆಯ ಕೋಶಗಳು ಸಂಖ್ಯೆಯಲ್ಲಿ ಹೆಚ್ಚುತ್ತವೆ, ಬಲಿತು ಗಟ್ಟಿ ಮೂಳೆ ಕಟ್ಟುವುದನ್ನು ಮಾತ್ರ ಕಲಿಯುವುದಿಲ್ಲ. ಸಾಲದ್ದಕ್ಕೆ ಅವು ಹೊರಬಿಡುವ ಇಂಟರ್‌ಲ್ಯೂಕಿನ್-6 ಎಂಬ ಸಂದೇಶದ ಪ್ರೋಟೀನು ಮೂಳೆ ಕರಗಿಸುವ ಕೋಶಗಳನ್ನು ಕರೆತರುತ್ತದೆ. ಕಟ್ಟುವುದೂ ಕೆಡವುವುದೂ ಒಟ್ಟೊಟ್ಟಿಗೆ ನಡೆದು ಮುಖ ಒಂದು ಕಡೆಗೆ ಉಬ್ಬುತ್ತದೆ.

ಒಂದೇ ಕಡೆ ಏಕೆ? ಆ ಬದಲಾವಣೆ ತಾಯಿಯ ಅಂಡದಲ್ಲೂ ತಂದೆಯ ವೀರ್ಯಾಣುವಿನಲ್ಲೂ ಇರಲಿಲ್ಲ. ಗರ್ಭ ಕಟ್ಟಿದ ಮೇಲೆ, ಭ್ರೂಣದ ಯಾವುದೋ ಒಂದು ಕೋಶದಲ್ಲಿ ಆಕಸ್ಮಿಕವಾಗಿ ಆಯಿತು. ಆ ಕೋಶದ ಸಂತತಿ ಎಲ್ಲೆಲ್ಲಿ ಹೋಗಿ ನೆಲೆಸಿತೋ ಅಲ್ಲಷ್ಟೇ ತೊಂದರೆ, ಅದು ಮೂಳೆಯಲ್ಲದೆ ಚರ್ಮದಲ್ಲೂ ಹಾರ್ಮೋನು ಗ್ರಂಥಿಗಳಲ್ಲೂ ಇರಬಹುದು. ಅದಕ್ಕಾಗಿಯೇ ಮಗಳ ಮೈಮೇಲೆ ಅಂಚು ಅಂಕುಡೊಂಕಾದ, ಹಾಲು ಬೆರೆಸಿದ ಕಾಫಿಯ ಬಣ್ಣದ ಮಚ್ಚೆಗಳಿವೆಯೇ, ವಯಸ್ಸಿಗೆ ಮುಂಚೆ ಮುಟ್ಟು ಶುರುವಾಗಿದೆಯೇ ನೋಡಿ. ಇದ್ದರೆ ಅದು ಮೆಕ್‌ಕ್ಯೂನ್–ಆಲ್ಬ್ರೈಟ್ ಸಿಂಡ್ರೋಮ್ ಇರಬಹುದು. ಅದರ ಮೂಲವೂ ಇದೇ ಸ್ವಿಚ್ ಎಂಬುದು 1991ರಲ್ಲಿ ಗೊತ್ತಾಯಿತು.

ಅವಳ ಬೆಳವಣಿಗೆಯ ಹಾರ್ಮೋನನ್ನು ಪರೀಕ್ಷಿಸಿದ್ದಾರೆಯೇ ಎಂದು ತಪ್ಪದೆ ಕೇಳಿ. ಅದು ಹೆಚ್ಚಿದ್ದರೆ ಮುಖದ ಮೂಳೆ ಇನ್ನಷ್ಟು ಊದಿ ಕಣ್ಣಿನ ನರಕ್ಕೆ ಅಪಾಯ ತರುತ್ತದೆ, ಅದಕ್ಕೆ ಔಷಧಿ ಇದೆ. ದೃಷ್ಟಿ ಪರೀಕ್ಷೆ ನಿಯಮಿತವಾಗಿ ನಡೆಯಲಿ. ನೋಟ, ಕಿವಿ, ಉಸಿರು ಚೆನ್ನಾಗಿದ್ದರೆ ಈ ವಯಸ್ಸಿನಲ್ಲಿ ಶಸ್ತ್ರಚಿಕಿತ್ಸೆಗೆ ಅವಸರಪಡಬೇಡಿ ಎಂಬುದು ನನ್ನ ಕಳಕಳಿಯ ಮಾತು. ಹೆರೆದ ಮೂಳೆ ಮತ್ತೆ ಬೆಳೆಯುವ ಕಾಲವಿದು, ಹದಿಹರೆಯ ದಾಟಿದ ಮೇಲೆ ಸಾಮಾನ್ಯವಾಗಿ ಅದರ ವೇಗ ತಗ್ಗುತ್ತದೆ. ವಿಕಿರಣ ಚಿಕಿತ್ಸೆಗಂತೂ ಒಪ್ಪಲೇಬೇಡಿ, ಅದರಿಂದ ಈ ಮೂಳೆ ಕ್ಯಾನ್ಸರಿಗೆ ತಿರುಗುವ ಸಾಧ್ಯತೆ ಹೆಚ್ಚುತ್ತದೆ.

ಇನ್ನೊಂದು ಮಗು ಬೇಕೆಂದಿದ್ದರೆ, ಈ ಕಾರಣಕ್ಕೆ ಹಿಂಜರಿಯಬೇಕಾಗಿಲ್ಲ.