ಓದುಗರ ಪ್ರಶ್ನೆ: ಅರಸನ ಮಾತಿನಲ್ಲಿ ಅರಸನ ಆಳ್ವಿಕೆ

ಪ್ರಶ್ನೆ: ಎಂ.ಎ. ಕಿರುಪ್ರಬಂಧಕ್ಕೆ ಕೊಡಗಿನ ಅರಸ ದೊಡ್ಡ ವೀರರಾಜೇಂದ್ರನ ನಾಯಕತ್ವವನ್ನು ಆರಿಸಿಕೊಂಡಿದ್ದೇನೆ. ಕೈಯಲ್ಲಿರುವುದು ಅವನೇ ಬರೆಸಿದ ಕೊಡಗಿನ ಅರಸರ ಚರಿತ್ರೆ ರಾಜೇಂದ್ರನಾಮೆಯೊಂದೇ. ಅದನ್ನು ಅರಸನ ಸ್ವಂತ ಮಾತೆಂದು ನಂಬಬಹುದೆ?
- ವಿದ್ಯಾರ್ಥಿನಿ, ಸೋಮವಾರಪೇಟೆ

ಉತ್ತರ: ಅರಸನ ಮಾತು ಹೌದು. ಆದರೆ ಯಾರ ಕಿವಿಗೆ ಹೇಳಿದ್ದು ಎಂಬುದನ್ನು ಮೊದಲು ನೋಡಿ. 1633ರಿಂದ 1807ರವರೆಗಿನ ಈ ವೃತ್ತಾಂತವನ್ನು ಅವನು ಬರೆಸಿದ್ದು ಆಳ್ವಿಕೆಯ ಕೊನೆಗಾಲದಲ್ಲಿ. ಗಂಡುಮಕ್ಕಳಿರಲಿಲ್ಲ, ಪಟ್ಟ ಮಗಳು ದೇವಮ್ಮಾಜಿಗೆ ಸಿಗಬೇಕಾದರೆ ಈಸ್ಟ್ ಇಂಡಿಯಾ ಕಂಪನಿ ಸರ್ಕಾರದ ಒಪ್ಪಿಗೆ ಬೇಕಿತ್ತು. 1808ರಲ್ಲೇ ಅದು ಇಂಗ್ಲಿಷಿಗೂ ಬಂತು. ಕಂಪನಿಗೆ ತಾನು ಮಾಡಿದ ನೆರವನ್ನು ಅರಸ ಹೇಳುವಾಗಲೆಲ್ಲ ಇದು ನೆನಪಿರಲಿ.

ಇಡೀ ಗ್ರಂಥಕ್ಕೆ ಒಮ್ಮೆಗೇ ಕೈಹಾಕಬೇಡಿ. 1788ರಲ್ಲಿ ಅರಸ ಪಿರಿಯಾಪಟ್ಟಣದಲ್ಲಿ ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡಲ್ಲಿಂದ 1792ರವರೆಗಿನ ಹತ್ತು ಹನ್ನೆರಡು ನಿರ್ಧಾರ ಸಾಕು. ನೋಟ್‌ಬುಕ್ಕಿನಲ್ಲಿ ನಾಲ್ಕು ಕಲಂ ಎಳೆಯಿರಿ: ದಿನಾಂಕ, ನಿರ್ಧಾರ, ಅರಸ ಕೊಡುವ ಕಾರಣ, ಬೇರೆಯವರು ಕೊಡುವ ಕಾರಣ. ನಾಲ್ಕನೆಯದು ಖಾಲಿ ಉಳಿದ ಕಡೆ ತೀರ್ಪು ಬರೆಯಬೇಡಿ.

ಒಂದು ಪ್ರಸಂಗ ನೋಡಿ. ಟಿಪ್ಪುವಿನ ಸರದಾರ ಖಾದರ್ ಖಾನ್, ಆಗ ಟಿಪ್ಪುವಿನ ಪಡೆಯ ಕೈಯಲ್ಲಿದ್ದ ಮಡಿಕೇರಿ ಕೋಟೆಗೆ ದಿನಸಿ ಸಾಗಿಸುವಾಗ ಕೊಡವರ ಕೈಗೆ ಸಿಕ್ಕಿಬಿದ್ದ. ಸೆರೆಯ ದಿನಗಳಲ್ಲಿ ಅವನಿಂದಾದ ಉಪಕಾರ ನೆನೆದು ಅರಸ ಅವನನ್ನು ಕೋಟೆಯೊಳಗೆ ಹೋಗಗೊಟ್ಟ. ‘ಕೃತಜ್ಞ ಅರಸ’ ಎಂದು ಬರೆದು ಮುಗಿಸುವುದೇ ಇಲ್ಲಿ ಎಲ್ಲರೂ ಮಾಡುವ ತಪ್ಪು. 1790ರ ಅಕ್ಟೋಬರಿನಲ್ಲಿ ಕಂಪನಿಯೊಂದಿಗೆ ಒಪ್ಪಂದವಾಗಿತ್ತು. ಮಿತ್ರರಿಗೆ ಅನುಮಾನ ಹುಟ್ಟಿಸುವಂಥ ಹೆಜ್ಜೆ ಇದು. ತನ್ನವರನ್ನು ಹೇಗೆ ಒಪ್ಪಿಸಿದ, ಕಂಪನಿಗೆ ಏನು ಸಮಜಾಯಿಷಿ ಕೊಟ್ಟ, ಕೊನೆಗೆ ಕೋಟೆ ಹೇಗೆ ಕೈಸೇರಿತು? ಈ ಮೂರಕ್ಕೆ ಉತ್ತರ ಹುಡುಕಿದರೆ ನಾಯಕತ್ವ ಕಾಣುತ್ತದೆ. ಇದೇ ಪ್ರಸಂಗ ಬ್ರಿಟಿಷ್ ಅಧಿಕಾರಿ ವಿಲ್ಕ್ಸ್‌ನ ಮೈಸೂರು ಇತಿಹಾಸದಲ್ಲೂ ಇದೆ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ.

ಅರಸನ ಕೊನೆಯ ವರ್ಷಗಳ ಕ್ರೌರ್ಯಕ್ಕೆ ಕೊಡಗಿನ ಬಗ್ಗೆ ಮೋಗ್ಲಿಂಗ್ ಬರೆದ 1855ರ ಪುಸ್ತಕ ಬೇಕೇ ಬೇಕು. ಆದರೆ 1834ರಲ್ಲಿ ರಾಜ್ಯ ಬ್ರಿಟಿಷರ ವಶವಾದ ಮೇಲೆ ಪಾದ್ರಿಯೊಬ್ಬ ಬರೆದದ್ದು ಅದು. ಅವನನ್ನೂ ಅರಸನಷ್ಟೇ ಬಿಗಿಯಾಗಿ ಪ್ರಶ್ನಿಸಿ.

ಪ್ರಶ್ನೆ: ಹಳೆಯ ನಿರೂಪದಲ್ಲಿ (ಅರಸನ ಆಜ್ಞಾಪತ್ರದಲ್ಲಿ) ಸಂವತ್ಸರದ ಹೆಸರು ಮಾತ್ರ ಇದ್ದರೆ ಇಸವಿ ತಿಳಿಯುವುದು ಹೇಗೆ?
- ಓದುಗರು, ವಿರಾಜಪೇಟೆ

ಉತ್ತರ: ಸಂವತ್ಸರ 60 ವರ್ಷಕ್ಕೊಮ್ಮೆ ಮರಳುತ್ತದೆ. ‘ಸಾಧಾರಣ’ ಎಂದಿದ್ದರೆ 1730, 1790, 1850 ಮೂರೂ ಆಗಬಹುದು. ದೊಡ್ಡ ವೀರರಾಜೇಂದ್ರನ ನಿರೂಪವಾದರೆ 1790 ಮಾತ್ರ ಹೊಂದುತ್ತದೆ. ಶಕವರ್ಷ ಕೊಟ್ಟಿದ್ದರೆ 78 ಕೂಡಿಸಿ: ಶಕ 1712 ಎಂದರೆ 1790. ಮಾಘ, ಫಾಲ್ಗುಣಕ್ಕೆ ಮಾತ್ರ 79 ಕೂಡಿಸಬೇಕು, ಏಕೆಂದರೆ ಅಷ್ಟರಲ್ಲಿ ಜನವರಿ ಒಂದು ದಾಟಿರುತ್ತದೆ. ಪುಷ್ಯ ಎರಡು ಇಸವಿಗಳ ನಡುವೆ ಹಂಚಿಹೋಗಬಹುದು; ತಿಥಿಯ ಜೊತೆ ವಾರವನ್ನೂ ತಾಳೆ ನೋಡದೆ ಅದಕ್ಕೆ ಇಸವಿ ಹಾಕಬೇಡಿ.