ಅಜ್ಜನ ಪಂಪ್ ಕೋವಿಗೆ ಹೊಳಪು ಕೊಡಿಸಬೇಕೇ?

ಪ್ರಶ್ನೆ: ಅಡಿಕೆ ತೋಟದ ಕಾವಲಿಗೆಂದು ನಮ್ಮ ಅಜ್ಜ ಕೊಂಡಿದ್ದ ವಿಂಚೆಸ್ಟರ್ 1897 ಮಾದರಿಯ 12 ಬೋರ್ ಪಂಪ್ ಕೋವಿ, ತಂದೆಯವರು ತೀರಿಕೊಂಡ ಮೇಲೆ ದಾವಣಗೆರೆಯ ಪರವಾನಗಿ ಪಡೆದ ವ್ಯಾಪಾರಿಯೊಬ್ಬರ ಬಳಿ ಠೇವಣಿಯಲ್ಲಿತ್ತು. ವಾರಸುದಾರನೆಂದು ನನ್ನ ಹೆಸರಿಗೆ ಪರವಾನಗಿ ಬಂದಿದ್ದರಿಂದ ಕಳೆದ ತಿಂಗಳು ಮನೆಗೆ ತಂದು, ಮೊದಲಿನಂತೆಯೇ ಚಳ್ಳಕೆರೆ ಕಂಬಳಿಯಲ್ಲಿ ಸುತ್ತಿ ಬೀರುವಿನಲ್ಲಿ ನಿಲ್ಲಿಸಿದ್ದೇನೆ. ನಳಿಗೆ ಕಂದು ಬಣ್ಣಕ್ಕೆ ತಿರುಗಿದೆ, ಹಿಡಿಯ ಮರ ಕಬ್ಬಿಣಕ್ಕೆ ಸೇರುವಲ್ಲಿ ಕಪ್ಪಾಗಿದೆ. ಬಫಿಂಗ್ ಮಾಡಿಸಿ ಬಣ್ಣ ಹಾಕಿಸಿದರೆ ಹೊಸದಾಗುತ್ತದೆ ಎಂದು ಪರಿಚಯದವರು ಹೇಳುತ್ತಾರೆ. ಮಾಡಿಸಲೇ?
– ಓದುಗರೊಬ್ಬರು, ಹೊಳಲ್ಕೆರೆ ತಾಲ್ಲೂಕು

ಉತ್ತರ: ಖಂಡಿತ ಬೇಡ. ಜಾನ್ ಬ್ರೌನಿಂಗ್ ರೂಪಿಸಿದ ಈ ಮಾದರಿ 1957ರವರೆಗೂ ತಯಾರಾಗಿ, ಸುಮಾರು 10 ಲಕ್ಷ ಕೋವಿಗಳು ಹೊರಬಂದಿರುವುದರಿಂದ ಅಪರೂಪದ್ದೆಂಬ ಬೆಲೆ ಇದಕ್ಕಿಲ್ಲ. ಇರುವ ಬೆಲೆಯೆಲ್ಲ ಮೂಲ ಬಣ್ಣ, ಚೂಪಾದ ಅಂಚು ಮತ್ತು ಕೆತ್ತಿದ ಅಕ್ಷರಗಳದ್ದು. ಬಫಿಂಗ್ ಚಕ್ರ ಮೊದಲು ತಿನ್ನುವುದು ಅವನ್ನೇ. ಕೋವಿಯ ಗುರುತಿನ ಸಂಖ್ಯೆ ಸವೆದರೆ ಪರವಾನಗಿಯೊಡನೆ ತಾಳೆ ನೋಡುವಾಗ ನೀವೇ ಉತ್ತರ ಹೇಳಬೇಕಾಗುತ್ತದೆ; ಆ ಸಂಖ್ಯೆಯನ್ನು ಅಳಿಸುವುದನ್ನು 1959ರ ಶಸ್ತ್ರಾಸ್ತ್ರ ಕಾಯ್ದೆ ನಿಷೇಧಿಸುತ್ತದೆ.

ಒರೆಸಿದಾಗ ಬಟ್ಟೆಗೆ ಹತ್ತದ ಸಮನಾದ ಕಂದು ಬಣ್ಣ ವಯಸ್ಸಿನದು, ಇರಲಿ. ಉಗುರಿಗೆ ಪುಡಿಪುಡಿಯಾಗಿ ಏಳುವ ತುಕ್ಕನ್ನು ಮಾತ್ರ ತೆಳುವಾದ ಎಣ್ಣೆ ಹಚ್ಚಿ, ನೆನೆಯಲು ಬಿಟ್ಟು, ಹತ್ತಿ ಬಟ್ಟೆಯಿಂದ ತೆಗೆಯಿರಿ. ಕಂಬಳಿ ಉಣ್ಣೆಯದಾದ್ದರಿಂದ ಮಳೆಗಾಲದ ತೇವವನ್ನು ಹೀರಿ ಕಬ್ಬಿಣದ ಮೈಗೇ ಒತ್ತಿಕೊಂಡಿರುತ್ತದೆ. ಚಳ್ಳಕೆರೆ ಕಂಬಳಿ ನಾವು ಹೊದೆಯುವುದಕ್ಕೆ ಎಷ್ಟು ಒಳ್ಳೆಯದೋ ಕೋವಿಗೆ ಅಷ್ಟೇ ಕೆಟ್ಟದ್ದು. ಮರ ಕಪ್ಪಾಗಿರುವುದೂ ಬಹುಮಟ್ಟಿಗೆ ನಿಲ್ಲಿಸಿಟ್ಟ ರೀತಿಯಿಂದಲೇ: ವರ್ಷಗಟ್ಟಲೆ ಹಾಕಿದ ಎಣ್ಣೆ ಕೆಳಗಿಳಿದು ಮರಕ್ಕೆ ಸೇರಿದೆ. ಅಲ್ಲಿ ಮರ ಮೆತ್ತಗಾಗಿ ಸೀಳಿದೆಯೇ ನೋಡಿಸಿ.

ಆದರೆ ನೀವು ಕೇಳದೇ ಇರುವ ವಿಷಯ ನನಗೆ ಹೆಚ್ಚು ಮುಖ್ಯವೆನಿಸುತ್ತದೆ. ಈ ಕೋವಿಯ ಹ್ಯಾಮರ್, ಅಂದರೆ ತೋಟಾ ಸಿಡಿಯುವಂತೆ ಬಡಿಯುವ ಸುತ್ತಿಗೆ, ಹೊರಗಿದೆ. ಬೇರೆ ಸೇಫ್ಟಿ ಗುಂಡಿಯಿಲ್ಲ, ಹ್ಯಾಮರನ್ನು ಅರ್ಧಕ್ಕೆ ಎಳೆದು ನಿಲ್ಲಿಸುವ ಕಚ್ಚೇ ಇದರ ಕಾವಲು. ದಶಕಗಳ ಬಳಕೆಯಲ್ಲಿ ಆ ಕಚ್ಚು ಸವೆದಿದ್ದರೆ ಹ್ಯಾಮರ್ ಜಾರಿ ಬೀಳಬಹುದು. ಅದಲ್ಲದೆ, ಟ್ರಿಗರ್ ಒತ್ತಿ ಹಿಡಿದೇ ಪಂಪನ್ನು (ನಳಿಗೆಯ ಕೆಳಗಿನ ಜಾರುವ ಹಿಡಿ) ಹಿಂದಕ್ಕೆಳೆದು ಮುಂದಕ್ಕೆ ತಳ್ಳಿದರೆ, ತೋಟಾ ಒಳಗೆ ಸೇರಿ, ನಳಿಗೆಯ ಹಿಂಬಾಯಿಯನ್ನು ಮುಚ್ಚುವ ಬೋಲ್ಟ್ ಮುಚ್ಚಿಕೊಂಡ ಕ್ಷಣವೇ ಗುಂಡು ಹಾರುತ್ತದೆ. ಇದು ದೋಷವಲ್ಲ, ಆ ಕಾಲದ ರಚನೆಯೇ ಹಾಗೆ. ಈಗಿನ ಪಂಪ್ ಕೋವಿಗಳಲ್ಲಿ ಸಾಮಾನ್ಯವಾಗಿ ಹೀಗಾಗುವುದಿಲ್ಲ.

ನಳಿಗೆಯೂ ಅದರ ಕೆಳಗಿನ ತೋಟಾ ಕೊಳವೆಯೂ ಖಾಲಿಯಿವೆಯೆಂದು ಎರಡು ಬಾರಿ ನೋಡಿದ ಮೇಲೆ, ಬಿಚ್ಚಬರುವ ಮಾದರಿಯಾಗಿದ್ದರೆ ನಳಿಗೆಯನ್ನು ಬೇರೆ ಮಾಡಿ ಕಿಟಕಿಯ ಬೆಳಕಿಗೆ ಹಿಡಿಯಿರಿ. ಒಳಗೆ ಕಾಣುವ ನೆರಳಿನ ಉಂಗುರಗಳು ದುಂಡಾಗಿದ್ದರೆ ಸರಿ. ಒಂದೆಡೆ ಡೊಂಕಾಗಿದ್ದರೆ ಅಲ್ಲಿ ತಗ್ಗು ಬಿದ್ದಿದೆ. ಹಳೆಯ ತೋಟಾಗಳ ಕ್ಯಾಪ್ ಉರಿದಾಗ ಉಳಿಯುತ್ತಿದ್ದ ಉಪ್ಪಿನಂಶ ತೇವ ಎಳೆದು ನಳಿಗೆಯ ಒಳಗೋಡೆಯಲ್ಲಿ ಗುಳಿ ಕೊರೆದಿರುವುದೂ ಉಂಟು. ಗುಳಿಗಳ ಆಳವನ್ನೂ ಹ್ಯಾಮರಿನ ಕಚ್ಚನ್ನೂ ಬೋಲ್ಟಿನ ಸಡಿಲವನ್ನೂ ಪರವಾನಗಿ ಪಡೆದ ಕೋವಿ ರಿಪೇರಿಯವರೇ ಅಳೆದು ಹೇಳಬೇಕು. ಅವರು ನೋಡುವವರೆಗೆ ಅದರೊಳಕ್ಕೆ ಒಂದು ತೋಟಾವನ್ನೂ ಹಾಕಬೇಡಿ.