ತಂದೆಯ ಕಾಯಿಲೆ ತಿಳಿಯಲು ಬೇರೆಯವರ ಸ್ಕ್ಯಾನ್ ಏಕೆ?

ಪ್ರಶ್ನೆ: ಮಾನ್ಯ ಡಾಕ್ಟರರೇ, ನಮ್ಮದು ಬದಿಯಡ್ಕ ಕಡೆಯ ಅಡಿಕೆ ಕೃಷಿಕರ ಕುಟುಂಬ. 68 ವರ್ಷದ ತಂದೆಯವರಿಗೆ ಆರು ತಿಂಗಳಿಂದ ಒಣ ಕೆಮ್ಮು, ಗುಡ್ಡ ಹತ್ತುವಾಗ ಏದುಸಿರು. ಮಂಗಳೂರಿನಲ್ಲಿ ಎದೆಯ ಸಿಟಿ ಸ್ಕ್ಯಾನ್ ಮಾಡಿಸಿದಾಗ ಅಲ್ಲಿನ ವೈದ್ಯರು ಕೃತಕ ಬುದ್ಧಿಮತ್ತೆಯ ತಂತ್ರಾಂಶದಿಂದ ಅಂಥದೇ ಐದಾರು ಹಳೆಯ ರೋಗಿಗಳ ಸ್ಕ್ಯಾನ್‌ಗಳನ್ನು ಹುಡುಕಿಸಿ, ಪಕ್ಕದಲ್ಲಿಟ್ಟು ನೋಡಿದರು. ಯಾರದೋ ಶ್ವಾಸಕೋಶ ನೋಡಿ ನಮ್ಮವರ ಕಾಯಿಲೆ ಹೇಳುವುದು ಸರಿಯೇ?
– ಓರ್ವ ಓದುಗ, ಕಾಸರಗೋಡು ಜಿಲ್ಲೆ

ಉತ್ತರ: ನಿಮ್ಮ ಆತಂಕ ಸಹಜವಾದುದು. ಆದರೆ ಆ ವೈದ್ಯರು ಮಾಡಿದ್ದು ತಪ್ಪಲ್ಲ. ಅನುಭವಿ ರೇಡಿಯಾಲಜಿಸ್ಟರು ‘ಇಂಥದ್ದನ್ನು ಹಿಂದೆ ಎಲ್ಲೋ ನೋಡಿದ್ದೇನೆ’ ಎಂದು ನೆನಪಿನಲ್ಲಿ ತಡಕಾಡುವ ಕೆಲಸವನ್ನೇ ಈ ತಂತ್ರಾಂಶ ಸಾವಿರಾರು ಸ್ಕ್ಯಾನ್‌ಗಳ ಸಂಗ್ರಹದಲ್ಲಿ ಕ್ಷಣಗಳಲ್ಲಿ ಮಾಡುತ್ತದೆ. ಒಂದು ಮಿಲಿಮೀಟರ್ ದಪ್ಪದ ಪದರಗಳಲ್ಲಿ ತೆಗೆದ ಎದೆಯ ಸಿಟಿಯೊಂದರಲ್ಲಿ ಸುಮಾರು 300 ಚಿತ್ರಗಳಿರುತ್ತವೆ. ಅವುಗಳಲ್ಲಿನ ಗಾಜಿನ ಮೇಲಿನ ಆವಿಯಂತಹ ಮಬ್ಬು, ಜೇನುಗೂಡಿನಂತಹ ರಂಧ್ರಗಳು, ಸಣ್ಣ ಗಂಟುಗಳು ಮುಂತಾದ ಲಕ್ಷಣಗಳನ್ನು ತಂತ್ರಾಂಶವು ನೂರಾರು ಅಂಕಿಗಳ ಸಾಲಾಗಿ ಬರೆದುಕೊಂಡು, ಆ ಸಾಲಿಗೆ ಅತಿ ಸಮೀಪದ ಸಾಲುಗಳಿರುವ ಹಳೆಯ ಸ್ಕ್ಯಾನ್‌ಗಳನ್ನು ಹೊರತೆಗೆಯುತ್ತದೆ. ಆ ರೋಗಿಗಳಿಗೆ ಕೊನೆಗೆ ಯಾವ ಕಾಯಿಲೆಯೆಂದು ಖಚಿತವಾಯಿತು ಎಂಬ ದಾಖಲೆಯೂ ಜೊತೆಗಿದ್ದರೆ ವೈದ್ಯರಿಗೆ ಅದು ದೊಡ್ಡ ನೆರವು.

ಆದರೆ ಚಿತ್ರ ಹೋಲಿದ ಮಾತ್ರಕ್ಕೆ ಕಾಯಿಲೆ ಒಂದೇ ಆಗಬೇಕಿಲ್ಲ. ಕ್ಷಯ ಮತ್ತು ಕಲ್ಲಿನ ಕೋರೆಯ ಧೂಳಿನಿಂದ ಬರುವ ಸಿಲಿಕೋಸಿಸ್ ಎರಡೂ ಶ್ವಾಸಕೋಶದ ಮೇಲ್ಭಾಗವನ್ನೇ ಹೆಚ್ಚಾಗಿ ಹಿಡಿಯುತ್ತವೆ. ಜೇನುಗೂಡಿನಂತಹ ರಂಧ್ರಗಳು ಶ್ವಾಸಕೋಶ ಗಾಯದ ಕಲೆಯಂತೆ ಗಡುಸಾಗುವ, ಕಾರಣ ತಿಳಿಯದ ಫೈಬ್ರೋಸಿಸ್‌ನಲ್ಲೂ, ಸಂಧಿವಾತದವರಲ್ಲೂ, ಬೂಷ್ಟಿನ ಧೂಳನ್ನು ವರ್ಷಗಟ್ಟಲೆ ಉಸಿರಾಡಿದವರಲ್ಲೂ ಕಾಣಿಸುತ್ತವೆ, ಮತ್ತು ಈ ಮೂರಕ್ಕೂ ಚಿಕಿತ್ಸೆ ಒಂದೇ ಅಲ್ಲ.

ನಿಮ್ಮ ಪತ್ರದಲ್ಲಿ ನನ್ನ ಗಮನ ನಿಂತದ್ದು ‘ಅಡಿಕೆ ಕೃಷಿಕರು’ ಎಂಬ ಮಾತಿನ ಮೇಲೆ. ಕೊಳೆರೋಗಕ್ಕೆ ತಂದೆಯವರು ಮಳೆಗಾಲದಲ್ಲಿ ತಾವೇ ಮರವೇರಿ ಮದ್ದು ಬಿಡುತ್ತಿದ್ದರೇ? ಮೈಲುತುತ್ತು ಮತ್ತು ಸುಣ್ಣದ ಇದೇ ಬೋರ್ಡೋ ದ್ರಾವಣವನ್ನು ದ್ರಾಕ್ಷಿತೋಟಗಳಲ್ಲಿ ಸಿಂಪಡಿಸುತ್ತಿದ್ದ ಕೂಲಿಕಾರರಲ್ಲಿ ಒಂದು ವಿಶೇಷ ಶ್ವಾಸಕೋಶದ ಕಾಯಿಲೆಯನ್ನು ಪೋರ್ಚುಗಲ್ಲಿನ ವೈದ್ಯರು 1969ರಲ್ಲಿ ವಿವರಿಸಿದ್ದರು. ತಂದೆಯವರಿಗೆ ಅದೇ ಆಗಿದೆಯೆಂದು ನಾನು ಖಂಡಿತ ಹೇಳುತ್ತಿಲ್ಲ, ದಯವಿಟ್ಟು ಹೆದರಬೇಡಿ. ಸಂಗ್ರಹದಲ್ಲಿ ಇಲ್ಲದ ಕಾಯಿಲೆಯನ್ನು ತಂತ್ರಾಂಶ ತೋರಿಸಲಾರದು, ಇದ್ದುದರಲ್ಲಿ ಹತ್ತಿರದ್ದನ್ನು ಮಾತ್ರ ತೋರಿಸುತ್ತದೆ ಎಂಬುದಷ್ಟೇ ನನ್ನ ಮಾತು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ 2017ರಲ್ಲಿ 30,805 ರೋಗಿಗಳ 1,12,120 ಎದೆಯ ಎಕ್ಸ್‌ರೇಗಳನ್ನು ಸಂಶೋಧಕರಿಗೆಲ್ಲ ಬಿಡುಗಡೆ ಮಾಡಿತು. ಅದರಲ್ಲಿ ವಯಸ್ಸು ಮತ್ತು ಲಿಂಗ ದಾಖಲಾಗಿವೆ, ಉದ್ಯೋಗ ಇಲ್ಲ. ನಮ್ಮ ತೋಟದ ಕೆಲಸ, ಬೀಡಿ ಕಟ್ಟುವ ಕೆಲಸ, ಕೋರೆಯ ಕೆಲಸ ಇವೆಲ್ಲ ಸ್ಕ್ಯಾನಿನ ಜೊತೆ ಸೇರಿ ವೈದ್ಯರ ಕಿವಿಗೆ ಬೀಳಬೇಕಾದರೆ ಅದನ್ನು ನಾವೇ ಹೇಳಬೇಕು.

ಆದ್ದರಿಂದ ಮುಂದಿನ ಭೇಟಿಗೆ ತಂದೆಯವರು ಯಾವ ಕೆಲಸವನ್ನು ಎಷ್ಟು ವರ್ಷ ಮಾಡಿದರು, ಬೀಡಿ ಸೇದುತ್ತಿದ್ದರೇ, ಮನೆಯಲ್ಲಿ ಯಾರಿಗಾದರೂ ಕ್ಷಯ ಬಂದಿತ್ತೇ, ಕೀಲುನೋವು ಇದೆಯೇ ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಮಾತು ಮಲಯಾಳದಲ್ಲಾಗಲಿ ಕನ್ನಡದಲ್ಲಾಗಲಿ, ಕಾಗದದ ಮೇಲಿದ್ದರೆ ಯಾವುದೂ ಬಿಟ್ಟುಹೋಗುವುದಿಲ್ಲ. ಹಳೆಯ ಎಕ್ಸ್‌ರೇ ಫಿಲ್ಮುಗಳಿದ್ದರೆ ಅವನ್ನೂ ಒಯ್ಯಿರಿ. ಬೇರೆಯವರ ನೂರು ಸ್ಕ್ಯಾನ್‌ಗಳಿಗಿಂತ ತಂದೆಯವರದೇ ಐದು ವರ್ಷ ಹಿಂದಿನ ಚಿತ್ರ ಹೆಚ್ಚು ಹೇಳುವುದುಂಟು. ಈಗಿನ ಸಿಟಿಯ ಫಿಲ್ಮಿನ ಜೊತೆ ಸಿಡಿಯನ್ನೂ ಕೇಳಿ ಪಡೆಯಿರಿ, ಏಕೆಂದರೆ ಎಲ್ಲ ಪದರಗಳೂ ಇರುವುದು ಅದರಲ್ಲೇ.

ವೈದ್ಯರನ್ನು ಸಂಕೋಚವಿಲ್ಲದೆ ಕೇಳಿ: ಹೋಲಿಕೆಗೆ ಬಂದ ಆ ಐದಾರು ರೋಗಿಗಳ ಕಾಯಿಲೆ ಬಯಾಪ್ಸಿಯಿಂದ (ಅಂಗಾಂಶದ ಚೂರು ತೆಗೆದು ಮಾಡುವ ಪರೀಕ್ಷೆಯಿಂದ) ಖಚಿತವಾದದ್ದೇ, ಅಥವಾ ಸ್ಕ್ಯಾನ್ ವರದಿಯಿಂದ ಊಹಿಸಿದ್ದೇ? ಕಫದ ಪರೀಕ್ಷೆ ಮತ್ತು ಶ್ವಾಸಕೋಶದ ಸಾಮರ್ಥ್ಯ ಅಳೆಯುವ ಊದುವ ಪರೀಕ್ಷೆ ಇನ್ನೂ ಆಗಿರದಿದ್ದರೆ ಅವುಗಳ ಬಗ್ಗೆಯೂ ಆಗಲೇ ಕೇಳಿಕೊಳ್ಳಿ.